ಕಂಪನಿಯಿಂದಲೇ ಬಂದ ಗೇರು

ಒಂದು ಸುದ್ದಿ ಖಚಿತವಾಗಬೇಕಾದರೆ ಇಬ್ಬರನ್ನು ಕೇಳಬೇಕು, ಆ ಇಬ್ಬರು ಒಬ್ಬರಿಗೊಬ್ಬರು ಬೇಕಾದವರಾಗಿರಬಾರದು. ಪತ್ರಿಕೆ ಸೇರಿದ ಹೊಸದರಲ್ಲೇ ನನಗೆ ಹೇಳಿಕೊಟ್ಟ ಪಾಠ ಇದು. ರಾಮನಗರದಲ್ಲಿ ಇದನ್ನು ಪಾಲಿಸುವುದು ಹೇಗೆ ಎಂದು ಮಾತ್ರ ಯಾರೂ ಹೇಳಿಕೊಡಲಿಲ್ಲ. ಇಲ್ಲಿ ಎಲ್ಲರೂ ಎಲ್ಲರಿಗೂ ಬೇಕಾದವರು. ಬೇಡವಾದವರಿದ್ದರೂ ಹೊರಗಿನವನ ಎದುರು ಅದನ್ನು ತೋರಿಸಿಕೊಳ್ಳುವುದಿಲ್ಲ.

ರಾಮನಗರ ಇನ್ನೂ ಜಿಲ್ಲೆಯಾಗಿರದ ಕಾಲ. ನಾನು ಒಂದು ಕನ್ನಡ ದಿನಪತ್ರಿಕೆಗೆ ಅಲ್ಲಿಂದ, ಚನ್ನಪಟ್ಟಣದಿಂದ, ಕನಕಪುರ ಮಾಗಡಿಗಳಿಂದ ಸುದ್ದಿ ಕಳಿಸುತ್ತಿದ್ದೆ. ರೇಷ್ಮೆಗೂಡಿನ ಮಾರುಕಟ್ಟೆಗೆ ಹತ್ತಿರದ ಒಂದು ಬೀದಿಯಲ್ಲಿ ಬಾಡಿಗೆಮನೆ. ಪಕ್ಕದಲ್ಲೇ ರೇಷ್ಮೆ ನೂಲು ತೆಗೆಯುವ ಒಂದು ಕಾರ್ಖಾನೆ. ಕಾರ್ಖಾನೆ ಎಂದರೆ ಹಂಚಿನ ಉದ್ದನೆಯ ಮನೆ, ಒಳಗೆ ಕುದಿಯುವ ನೀರಿನ ತೊಟ್ಟಿಗಳು, ಬೆಂದ ಹುಳದ ವಾಸನೆ. ಅದರ ಯಜಮಾನರಿಗೆ ಆಗ ಅರವತ್ತು ದಾಟಿತ್ತು. ಬೀದಿಯವರಿಗೆಲ್ಲ ಅವರು ಸಾಹೇಬರು, ನನಗೂ ಅಷ್ಟೇ. ಅವರು ನನ್ನನ್ನು ಪೇಪರ್ ಸಾರ್ ಎನ್ನುತ್ತಿದ್ದರು.

ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ಅವರ ಕಾರು ನಿಂತಿತ್ತು. ಅಮೆರಿಕದ್ದು, ಹಡಗಿನಂಥದ್ದು. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾದ ಮೇಲೆ ಸಾಹೇಬರ ತಂದೆ ಬೊಂಬಾಯಿಯ ದಲ್ಲಾಳಿಯೊಬ್ಬನಿಂದ ಅದನ್ನು ಕೊಂಡು ತಂದಿದ್ದರು. ಒಂದು ಕಾಲದಲ್ಲಿ ಅದರ ಹಿಂದಿನ ಸೀಟು ಕಿತ್ತು ಅಕ್ಕೂರಿನಿಂದ ಗೂಡಿನ ಮೂಟೆ ತುಂಬಿಕೊಂಡು ಬಂದದ್ದೂ ಉಂಟು, ಆಮೇಲೆ ಅದೇ ಸೀಟು ಹಾಕಿ ಮದುವೆಯ ಹೆಣ್ಣನ್ನು ಕೂರಿಸಿಕೊಂಡು ಬಂದದ್ದೂ ಉಂಟು.

ಆ ಕಾರಿನ ಬಗ್ಗೆ ಸಾಹೇಬರ ತಂದೆಗೆ ಒಂದು ಹೆಮ್ಮೆಯಿತ್ತಂತೆ. ಆ ಮಾದರಿಯ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದಕ್ಕೆ ಮೂರೇ ಗೇರು. ಯಾರಾದರೂ ಮುಂಚೆಯೇ ಬಯಸಿ ಹೇಳಿದರೆ ಕಂಪನಿಯವರು ಗೇರ್‌ಬಾಕ್ಸಿನ ಹಿಂದೆ ಇನ್ನೊಂದು ಭಾಗ ಸೇರಿಸಿ ಕೊಡುತ್ತಿದ್ದರು. ಅದಕ್ಕೆ ಓವರ್‌ಡ್ರೈವ್ ಎಂದು ಹೆಸರು. ಕಾರು ಒಂದು ವೇಗ ಮುಟ್ಟಿದ ಮೇಲೆ ಕಾಲು ಸಡಿಲಿಸಿದರೆ ಟಕ್ಕೆಂದು ಅದು ಹಿಡಿದುಕೊಳ್ಳುತ್ತದೆ. ಕಾರಿನ ಓಟ ಹಾಗೇ ಇರುತ್ತದೆ, ಎಂಜಿನ್ ಮಾತ್ರ ನಿಧಾನವಾಗುತ್ತದೆ, ಪೆಟ್ರೋಲು ಉಳಿಯುತ್ತದೆ. ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಸಣ್ಣ ಹಿಡಿ. ಒಳಗೆ ತಳ್ಳಿದರೆ ಓವರ್‌ಡ್ರೈವ್ ಇದೆ, ಹೊರಗೆ ಎಳೆದರೆ ಇಲ್ಲ. ನಮ್ಮ ಕಡೆ ಅಂಥ ಕಾರು ಬಂದದ್ದೇ ಅಪರೂಪ, ಅದರಲ್ಲಿ ನಮ್ಮದೂ ಒಂದು ಎಂದು ತಂದೆ ಸಾಯುವವರೆಗೂ ಹೇಳುತ್ತಿದ್ದರಂತೆ.

ಇದನ್ನು ಒಪ್ಪದಿದ್ದವರು ಒಬ್ಬರೇ, ಸಾಹೇಬರ ಹೆಂಡತಿಯ ತಮ್ಮ. ಚನ್ನಪಟ್ಟಣದಲ್ಲಿ ಬೊಂಬೆ ವ್ಯಾಪಾರ ಅವರದು. ಅದು ಕಂಪನಿಯದ್ದಲ್ಲ, ಬೊಂಬಾಯಿಯಲ್ಲಿ ಯಾರೋ ಎರಡು ಕಾರಿನ ಸಾಮಾನು ಸೇರಿಸಿ ಮುದುಕರ ತಲೆಗೆ ಕಟ್ಟಿದ್ದು ಎಂದು ಅವರು ಮದುವೆಮನೆಗಳಲ್ಲಿ, ಹಬ್ಬದ ಊಟಗಳಲ್ಲಿ, ಒಂದೆರಡು ಸಲ ಗೂಡಿನ ಮಾರುಕಟ್ಟೆಯ ಬಾಗಿಲಲ್ಲೇ ಹೇಳಿದ್ದರು. ಸಾಹೇಬರಿಗೆ ಇದು ಕಾರಿನ ಮಾತಾಗಿರಲಿಲ್ಲ. ತಮ್ಮ ತಂದೆ ಮೋಸಹೋದ ದಡ್ಡ ಎಂದು ಊರು ನಂಬಿಕೊಂಡಿದೆ ಎಂಬ ಕೊರಗು.

ಅಷ್ಟರಲ್ಲಿ ಬೆಂಗಳೂರಿನ ಹಳೆಯ ಕಾರುಗಳ ಒಂದು ಸಂಘ, ಕಂಪನಿ ಕೊಟ್ಟ ಹಾಗೇ ಉಳಿದಿರುವ ಕಾರುಗಳನ್ನು ಪರೀಕ್ಷಿಸಿ ಮಾನ್ಯ ಮಾಡುತ್ತೇವೆ ಎಂದು ಪ್ರಕಟಿಸಿತು. ಆ ಪ್ರಕಟಣೆ ನನ್ನ ಪತ್ರಿಕೆಯಲ್ಲೇ ಬಂತು. ಸಾಹೇಬರು ಪತ್ರಿಕೆ ಹಿಡಿದುಕೊಂಡು ನನ್ನ ಜಗಲಿಗೆ ಬಂದರು. ಸಂಘಕ್ಕೆ ಬರೆಯುವುದು ನನ್ನ ಕೆಲಸ, ಪರೀಕ್ಷೆ ಮಾಡುವವರು ಬರುವ ಮುಂಚೆ ಸಾಕ್ಷಿ ಹುಡುಕುವುದೂ ನನ್ನ ಕೆಲಸ ಎಂದು ಅವರು ಆಗಲೇ ತೀರ್ಮಾನಿಸಿದ್ದರು.

"ನಾನು ಬದುಕಿರೋವಾಗ್ಲೇ ಒಬ್ಬ ತಿಳಿದೋನು ಬಂದು ಹೇಳ್ಬೇಕು ಸಾರ್. ಹೌದು ಅಂದ್ರೂ ಸರಿ, ಅಲ್ಲ ಅಂದ್ರೂ ಸರಿ," ಎಂದರು. ಅಲ್ಲ ಎಂದರೆ ಸರಿಯಿರುವುದಿಲ್ಲ ಎಂದು ಅವರ ಮುಖವೇ ಹೇಳುತ್ತಿತ್ತು.

ಕೆಲಸ ಸುಲಭ ಎಂದುಕೊಂಡೆ. ಆ ಗೇರನ್ನು ಬಳಸಿ ಓಡಿಸಿದವರು ಒಬ್ಬರು ಸಿಕ್ಕರೆ ಸಾಕಲ್ಲ. ಸಿಗಲಿಲ್ಲ. ಡ್ಯಾಶ್‌ಬೋರ್ಡಿನ ಕೆಳಗಿನ ಹಿಡಿಯನ್ನು ಹೊರಗೆಳೆದು ಕಬ್ಬಿಣದ ತಂತಿಯಲ್ಲಿ ಬಿಗಿದು ಕಟ್ಟಿದ್ದರು. ಕಟ್ಟಿದ್ದು ಸಾಹೇಬರ ತಂದೆಯೇ, ಕಾರು ಬಂದ ವರ್ಷವೇ. ಯಾಕೆಂದು ಕೇಳಿದರೆ ಮಕ್ಕಳು ಆಟ ಆಡ್ತಾವೆ ಅಂತ ಎಂದು ಸಾಹೇಬರು ಮಾತು ತೇಲಿಸಿದರು. ಅಂದರೆ ಕಾರು ಬಂದ ಹೊಸದರಲ್ಲಿ ಬಿಟ್ಟರೆ ಆಮೇಲೆ ಯಾರೂ ಅದನ್ನು ಬಳಸಿಯೇ ಇಲ್ಲ.

ಹೊಸದರಲ್ಲಿ ಕಾರು ಓಡಿಸುತ್ತಿದ್ದ ಡ್ರೈವರ್ ಇನ್ನೂ ಇದ್ದಾರೆ, ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಮಗನ ಮನೆಯಲ್ಲಿದ್ದಾರೆ ಎಂದು ತಿಳಿಯಿತು. ಎರಡು ಬಸ್ಸು ಬದಲಿಸಿ ಹೋದೆ. ಮುದುಕರು ಹಿತ್ತಿಲಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಸಾಹೇಬರ ಕಡೆಯವನೆಂದು ಹೇಳಿದ್ದೇ ತಪ್ಪಾಯಿತು. ಎದ್ದು ನಿಂತರು, ಚಾಪೆ ತರಿಸಿದರು, ದೊಡ್ಡ ಸಾಹೇಬರ ಗುಣಗಾನ ಶುರುಮಾಡಿದರು. ಆಯುಧಪೂಜೆ ದಿನ ದೊಡ್ಡ ಸಾಹೇಬರು ತಾವೇ ಬೂದುಗುಂಬಳಕಾಯಿ ತರಿಸಿ, ನಿನ್ನ ಕೈಯಲ್ಲಿ ಏನು ಮಾಡಬೇಕೋ ಮಾಡು ಎಂದು ಕಾರಿನ ಬೀಗದ ಕೈ ಕೊಟ್ಟು ನಿಲ್ಲುತ್ತಿದ್ದುದನ್ನು ಹೇಳಿ ಕಣ್ಣೊರೆಸಿಕೊಂಡರು. ಇದೆಲ್ಲ ಕೇಳಲು ಚೆನ್ನಾಗಿತ್ತು, ನನ್ನ ಕೆಲಸಕ್ಕೆ ಬರುವಂತಿರಲಿಲ್ಲ. ಗೇರಿನ ವಿಷಯಕ್ಕೆ ಬಂದೆ. ಕಾರಿನಲ್ಲಿ ಓವರ್‌ಡ್ರೈವ್ ಇತ್ತೇ?

"ಇತ್ತು ಬುಡಿ ಸೋಮಿ. ಇಲ್ದೆ ಏನು?"

ಟಕ್ಕೆಂದು ಹಿಡಿದುಕೊಳ್ಳುವುದು ಗೊತ್ತಾಗುತ್ತಿತ್ತೇ ಎಂದೆ. ಗೊತ್ತಾಗ್ದೆ ಇದ್ದದಾ ಎಂದರು. ನನಗೆ ಸಂಶಯ ಬಂತು. ಸ್ವಲ್ಪ ಹೊತ್ತು ಬೇರೆ ಮಾತಾಡಿ, ಅದು ಬೊಂಬಾಯಿಯಲ್ಲಿ ಯಾರೋ ಜೋಡಿಸಿದ್ದಂತೆ, ಕಂಪನಿಯದ್ದಲ್ಲವಂತೆ, ಹೌದೇ ಎಂದು ತಿರುಗಿಸಿ ಕೇಳಿದೆ. ಅದಕ್ಕೂ ಮುದುಕರು ತಲೆಯಾಡಿಸಿದರು. "ಬೊಂಬಾಯೋರು ಬಾಳಾ ಬುದ್ವಂತ್ರು ಸೋಮಿ, ಜೋಡ್ಸಿರ್ತಾರೆ," ಎಂದರು.

ಇದೆರಡರಲ್ಲಿ ನಿಜ ಯಾವುದು ಎಂದು ಕೇಳಿದಾಗ ಅವರು ಅವರೆಕಾಯಿ ಕೆಳಗಿಟ್ಟು ನನ್ನನ್ನು ಕರುಣೆಯಿಂದ ನೋಡಿದರು.

"ಸಾಹೇಬ್ರಿಗೆ ಯಾವ್ದಾದ್ರೆ ಒಳ್ಳೇದಾಯ್ತದೆ? ಅದ್ನ ಹೇಳಿ. ನಾನು ಎಲ್ಲಿಗ್ ಬೇಕಾದ್ರೂ ಬಂದು ಹಂಗೇ ಹೇಳ್ತೀನಿ."

ಕಲ್ಯದಿಂದ ವಾಪಸ್ಸು ಬರುವಾಗ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಮಾಗಡಿಯವರೆಗೂ ನಿಂತುಕೊಂಡು ಆ ಮಾತನ್ನೇ ಮೆಲುಕುಹಾಕಿದೆ. ಸುಳ್ಳು ಹೇಳುವವನನ್ನು ಹಿಡಿಯಬಹುದು. ಉಪಕಾರ ಮಾಡಲು ಹೊರಟವನನ್ನು ಹಿಡಿಯುವ ವಿದ್ಯೆ ನನಗೆ ಗೊತ್ತಿರಲಿಲ್ಲ.

ಆಮೇಲೆ ಕೇಳಿದವರೆಲ್ಲ ಇದೇ ಜಾತಿ. ಹಳೆಯ ನೂಲು ವ್ಯಾಪಾರಿಗಳು, ಪೆಟ್ರೋಲ್ ಬಂಕಿನಲ್ಲಿದ್ದವರು, ಸಾಹೇಬರ ಮದುವೆಯಲ್ಲಿ ಆ ಕಾರಿನಲ್ಲಿ ಕೂತಿದ್ದರೆಂದು ಜನ ಹೇಳುತ್ತಿದ್ದ ಒಬ್ಬ ನಿವೃತ್ತ ಮೇಷ್ಟ್ರು, ಎಲ್ಲರೂ ಇತ್ತು ಎಂದರು. ಮೇಷ್ಟ್ರಂತೂ ಟಕ್ಕೆನ್ನುವ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದರು. ಕಾರಿನಲ್ಲಿ ಎಲ್ಲಿ ಕೂತಿದ್ದಿರಿ ಎಂದರೆ, ಕೂತಿರಲಿಲ್ಲ, ಹಿಂದೆ ಸೈಕಲ್ಲಿನಲ್ಲಿ ಬರುತ್ತಿದ್ದೆ ಎಂದರು.

ಸಾಕ್ಷಿಗಳ ಆಸೆ ಬಿಟ್ಟು ಕಾರನ್ನೇ ನಂಬಲು ತೀರ್ಮಾನಿಸಿದೆ. ಸಂಘದವರ ಉತ್ತರ ಬಂದಿತ್ತು. ಒಬ್ಬ ನಿವೃತ್ತ ಎಂಜಿನಿಯರು ಭಾನುವಾರ ಬಂದು ನೋಡುತ್ತಾರೆ, ಅಲ್ಲಿಯವರೆಗೆ ಕಾರಿನ ಯಾವುದನ್ನೂ ಮುಟ್ಟಬೇಡಿ ಎಂದು ಬರೆದಿದ್ದರು. ಇದನ್ನು ಸಾಹೇಬರಿಗೆ ಓದಿ ಹೇಳಿದೆ. ಕಾರು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ಕಿಗೂ ಹೇಳಿದೆ. ಅವರು ಮೈಸೂರು ರಸ್ತೆಯಲ್ಲಿ ಗ್ಯಾರೇಜು ಇಟ್ಟಿದ್ದವರು, ಎಲ್ಲರ ಬಾಯಲ್ಲೂ ಮೇಸ್ತ್ರಿ. ಒಂದು ಬೋಲ್ಟನ್ನೂ ತಿರುಗಿಸಬೇಡಿ ಎಂದೆ. ಆಯ್ತು ಸಾರ್ ಎಂದರು. ಅವರು ಆಯ್ತು ಎಂದಾಗ ನಾನು ಇನ್ನೊಮ್ಮೆ ಯೋಚಿಸಬೇಕಿತ್ತು.

ಎರಡು ದಿನ ಕನಕಪುರದಲ್ಲಿ ಪತ್ರಿಕೆಯ ಕೆಲಸವಿತ್ತು. ಶನಿವಾರ ಸಂಜೆ ವಾಪಸ್ಸು ಬಂದು ಶೆಡ್ಡಿಗೆ ಹೋದರೆ ಕಾರು ಫಳಫಳ ಹೊಳೆಯುತ್ತಿತ್ತು. ಮೇಸ್ತ್ರಿ ಬಾನೆಟ್ಟು ಎತ್ತಿ ತೋರಿಸಿದರು. ಎಂಜಿನ್ನಿಗೆ ಬೆಳ್ಳಿಬಣ್ಣ ಬಳಿದಿದ್ದರು. ಕಂಪನಿಯ ಸಂಖ್ಯೆ, ಸಂಕೇತಗಳನ್ನು ಒತ್ತಿದ್ದ ತಗಡಿನ ಪಟ್ಟಿಯನ್ನು ಎಮರಿ ಕಾಗದದಲ್ಲಿ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದ್ದರು. ಅದರಲ್ಲಿ ನನ್ನ ಮುಖ ಚೆನ್ನಾಗಿ ಕಾಣಿಸಿತು, ಅಕ್ಷರ ಒಂದೂ ಕಾಣಿಸಲಿಲ್ಲ.

ಮೇಸ್ತ್ರಿ ಇನ್ನೂ ದೊಡ್ಡ ಸುದ್ದಿ ಕಾದಿಟ್ಟುಕೊಂಡಿದ್ದರು. ಹಳೆಯ ಗೇರ್‌ಬಾಕ್ಸು ಎಣ್ಣೆ ಸೋರುತ್ತಿತ್ತು, ನೋಡಲು ಅಸಹ್ಯವಾಗಿತ್ತು. ಬಂದವರು ಕೆಳಗೆ ಬಗ್ಗಿ ನೋಡಿದರೆ ಸಾಹೇಬರ ಮರ್ಯಾದೆ ಏನಾಗಬೇಕು? ಬೆಂಗಳೂರಿನ ಗುಜರಿಯಲ್ಲಿ ವಿಚಾರಿಸಿದರೆ ಅದೃಷ್ಟಕ್ಕೆ ಅದೇ ಕಂಪನಿಯ ಓವರ್‌ಡ್ರೈವ್ ಬಾಕ್ಸೇ ಸಿಕ್ಕಿತು. ಹಳೆಯದನ್ನು ಅಲ್ಲೇ ಕೊಟ್ಟು ಅದನ್ನು ತಂದು ಕೂರಿಸಿದ್ದಾರೆ. ಈಗ ಯಾರೂ ಇಲ್ಲ ಅನ್ನೋ ಹಾಗಿಲ್ಲ.

ಮುಟ್ಟಬೇಡಿ ಎಂದು ಹೇಳಿದ್ದೆನಲ್ಲ ಎಂದೆ.

"ಹೆಣ್ಣು ನೋಡಾಕೆ ಗಂಡಿನ ಕಡೆಯೋರು ಬತ್ತಾವ್ರೆ ಅಂದ್ರೆ ಹೆಣ್ಣಿನ ಮುಖ ತೊಳೀದೆ ಹಂಗೇ ಕೂರುಸ್ತಾರಾ ಸಾರ್? ನೀವು ಓದಿದೋರು, ನಿಮ್ಗೆ ನಾನು ಹೇಳ್ಬೇಕಾ?"

ಇದು ಮುಖ ತೊಳೆದದ್ದಲ್ಲ, ಹೆಣ್ಣನ್ನೇ ಬದಲಿಸಿದ್ದು ಎಂದೆ. ಅವರಿಗೆ ಅದು ತಮಾಷೆಯಾಗಿ ಕೇಳಿಸಿತು, ನಕ್ಕರು. ಹಳೆಯ ಬಾಕ್ಸು ಎಲ್ಲಿ ಎಂದು ಕೇಳಿದೆ. ಗುಜರಿಯವನು ಅದನ್ನು ಆವತ್ತೇ ಒಡೆದು ಎರಕದವರಿಗೆ ಹಾಕಿದ್ದ. ಕೊನೆಗೆ ಒಂದೇ ಪ್ರಶ್ನೆ ಉಳಿದಿತ್ತು. ಬಿಚ್ಚಿದವರು ಮೇಸ್ತ್ರಿಯೇ ಆದ್ದರಿಂದ, ಅದು ಸಾದಾ ಬಾಕ್ಸೋ ಓವರ್‌ಡ್ರೈವ್ ಬಾಕ್ಸೋ ಅವರು ಕಣ್ಣಾರೆ ಕಂಡಿರಲೇಬೇಕು. ಕೇಳಿದೆ.

"ನಿಮ್ಗೆ ಹೆಂಗ್ ಬೇಕೋ ಹಂಗೆ ಬರ್ಕಳಿ ಸಾರ್," ಎಂದರು ಮೇಸ್ತ್ರಿ.

ಸಾಹೇಬರು ಅಲ್ಲೇ ನಿಂತಿದ್ದರು. ಅವರಿಗೂ ಆಗಲೇ ಹೊಳೆದದ್ದು, ಏನಾಗಿ ಹೋಯಿತೆಂದು. ಮೇಸ್ತ್ರಿಯನ್ನು ಬೈಯಲಿಲ್ಲ. ನನ್ನ ತಂದೆಯ ಬಾಕ್ಸು ಎರಕಕ್ಕೆ ಹೋಯ್ತಾ ಎಂದು ಒಂದು ಸಲ ಕೇಳಿ ಒಳಗೆ ಹೋದರು. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ರೈಲಿನಲ್ಲಿ ಎಂಜಿನಿಯರು ಬಂದರು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ, ಚೀಲದಲ್ಲಿ ಟಾರ್ಚು, ಸೀಮೆಸುಣ್ಣದ ಕಡ್ಡಿ, ಹಳೆಯ ಪ್ಯಾಂಟು. ಅವರನ್ನು ನೋಡಿ ನನಗೆ ಜೀವ ಬಂದ ಹಾಗಾಯಿತು. ಅವರ ಹಿಂದೆಯೇ ಚನ್ನಪಟ್ಟಣದಿಂದ ಸಾಹೇಬರ ಭಾವಮೈದುನರೂ ಬಂದಿಳಿದರು. ಯಾರೂ ಕರೆದಿರಲಿಲ್ಲ. ತೀರ್ಪು ಕೇಳಲು ಬಂದಿದ್ದೇನೆ ಎಂದು ತಾವೇ ಹೇಳಿಕೊಂಡು ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡರು.

ಎಂಜಿನಿಯರು ಹೊಳೆಯುವ ತಗಡಿನ ಮುಂದೆ ಸ್ವಲ್ಪ ಹೊತ್ತು ನಿಂತರು. ಕಾರಿನ ಕೆಳಗೆ ತೂರಿಕೊಂಡು ಗೇರ್‌ಬಾಕ್ಸಿನ ಮೇಲಿನ ಎರಕದ ಗುರುತು ನೋಡಿ ಹೊರಗೆ ಬಂದರು. ಇದು ಈ ಕಾರಿಗಿಂತ ನಾಲ್ಕೈದು ವರ್ಷ ಈಚಿನ ಬಾಕ್ಸು ಎಂದರು. ನಡೆದದ್ದನ್ನು ಇದ್ದ ಹಾಗೆ ಹೇಳಿದೆ. ಭಾವಮೈದುನರು ಕುರ್ಚಿಯಿಂದಲೇ ನಕ್ಕರು. ಅವರ ಮನೆಗಳಲ್ಲಿ ಅಕ್ಕನ ಗಂಡನನ್ನು ದುಲ್ಹಾಭಾಯಿ ಎನ್ನುತ್ತಾರೆ. "ನೋಡಿ ದುಲ್ಹಾಭಾಯಿ, ಒಂದು ಸಲ ಜೋಡಿಸಿದ್ದು ಸಾಲ್ದು ಅಂತ ಇನ್ನೊಂದು ಸಲ ಜೋಡಿಸ್ಬಿಟ್ರಿ," ಎಂದರು. ಸಾಹೇಬರು ಅವರ ಕಡೆ ತಿರುಗಲಿಲ್ಲ.

ಎಂಜಿನಿಯರಿಗೆ ಇನ್ನೊಂದು ದಾರಿ ಗೊತ್ತಿತ್ತು. ಓವರ್‌ಡ್ರೈವ್ ಬೇಕೆಂದು ಹೇಳಿದವರ ಕಾರಿಗೆ ಕಂಪನಿಯವರು ಹಿಂದಿನ ಆಕ್ಸಲನ್ನೂ ಬೇರೆಯೇ ಹಾಕುತ್ತಿದ್ದರಂತೆ. ಅದರ ಒಳಗಿನ ಹಲ್ಲುಗಳ ಲೆಕ್ಕ ಬೇರೆ. ಹೊರಗಿನಿಂದಲೇ ಅದನ್ನು ಕಂಡುಹಿಡಿಯಬಹುದು. ಹಿಂದಿನ ಒಂದು ಚಕ್ರವನ್ನು ಜಾಕಿನಲ್ಲಿ ಎತ್ತಿ, ಸೀಮೆಸುಣ್ಣದ ಗೆರೆ ಎಳೆದು, ಪೂರ್ತಿ ಎರಡು ಸುತ್ತು ತಿರುಗಿಸಿದರು. ಎಂಜಿನ್ನಿನಿಂದ ಹಿಂದಕ್ಕೆ ಬರುವ ಉದ್ದನೆಯ ಕಂಬಿ ಎಷ್ಟು ಸುತ್ತು ಬಂತೆಂದು ನಾನು ಕೆಳಗೆ ಮಲಗಿ ನೋಡಬೇಕು. ಸಾದಾ ಕಾರಿನಲ್ಲಿ ಅದು ನಾಲ್ಕನ್ನು ಮುಟ್ಟುವುದಿಲ್ಲ. ಇಲ್ಲಿ ನಾಲ್ಕು ದಾಟಿ ಇನ್ನಷ್ಟು ಹೋಯಿತು. ಮೂರು ಸಲ ಮಾಡಿದೆವು, ಮೂರು ಸಲವೂ ಅಷ್ಟೇ. ಆಕ್ಸಲಿನ ಮೇಲೆ ಪದರ ಪದರವಾಗಿ ಹಳೆಯ ಗ್ರೀಸು ಮಣ್ಣು ಕಲ್ಲಾಗಿ ಕೂತಿತ್ತು. ಮೇಸ್ತ್ರಿಯ ಕೈ ಅಲ್ಲಿಗೆ ಮುಟ್ಟಿರಲಿಲ್ಲ. ದೇವರು ದೊಡ್ಡವನು.

ನಾನು ಹೊರಗೆ ಬಂದು, ಹಾಗಾದರೆ ಖಚಿತವಾಯಿತಲ್ಲ ಎಂದೆ. ಎಂಜಿನಿಯರು ಇಲ್ಲ ಎಂದರು. ಬೆಟ್ಟದ ಸೀಮೆಗೆ ಹೋಗುವ ಕೆಲವು ಸಾದಾ ಕಾರುಗಳಿಗೂ ಇಂಥ ಆಕ್ಸಲ್ ಹಾಕಿದ್ದುಂಟು. ಇದೊಂದರ ಮೇಲೆ ನಾನು ಹೌದು ಎನ್ನಲಾರೆ, ಇನ್ನೊಂದು ಬೇಕು ಎಂದರು. ನನ್ನ ಹಳೆಯ ಪಾಠವನ್ನು ನನಗೇ ಒಪ್ಪಿಸಿದ ಹಾಗಿತ್ತು. ಮೊದಲ ಸಲ ಆ ಪಾಠದ ಮೇಲೆ ಸಿಟ್ಟು ಬಂತು.

ಸಾಹೇಬರು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಆಯ್ತು ಬಿಡಿ ಎಂದರು. ಇಷ್ಟು ದೂರ ಬಂದಿದ್ದೀರಿ, ಒಂದು ಸುತ್ತು ಓಡಿಸಿಯಾದರೂ ನೋಡಿ, ಎಂಜಿನ್ ನಮ್ಮ ತಂದೆಯವರದ್ದೇ ಎಂದರು.

ಎಂಜಿನಿಯರು ಹಿಡಿಗೆ ಕಟ್ಟಿದ್ದ ತಂತಿ ಬಿಚ್ಚಿ ಒಳಗೆ ತಳ್ಳಿದರು. ಮೇಸ್ತ್ರಿ ಹಿಡಿಯಿಂದ ಕೆಳಗೆ ಹೋಗುವ ತಂತಿಯನ್ನು ಹೊಸ ಬಾಕ್ಸಿಗೆ ಸೇರಿಸಿದ್ದರು, ಕರೆಂಟಿನ ತಂತಿ ಜೋಡಿಸಿರಲಿಲ್ಲ. ಆದ್ದರಿಂದ ಟಕ್ಕೆಂದು ಹಿಡಿಯುವುದಿಲ್ಲ, ಆದರೂ ನೋಡೋಣ ಎಂದರು. ಅವರ ಪಕ್ಕ ಸಾಹೇಬರು, ಹಿಂದೆ ನಾನು. ಹೊರಡುವ ಹೊತ್ತಿಗೆ ಭಾವಮೈದುನರು ಕುರ್ಚಿ ಬಿಟ್ಟೆದ್ದು ನನ್ನ ಪಕ್ಕ ಬಂದು ಕೂತರು. ಯಾರೂ ಬೇಡವೆನ್ನಲಿಲ್ಲ.

ಮಾಗಡಿ ರಸ್ತೆಯಲ್ಲಿ ಬಂಡೆಗಳ ಮಧ್ಯೆ ಏರಿ ಇಳಿಯುವ ಒಂದು ಜಾಗವಿದೆ. ಏರು ಹತ್ತಿ ಇಳಿಜಾರಿಗೆ ತಿರುಗಿದಾಗ ಎಂಜಿನಿಯರು ಎರಡನೇ ಗೇರಿಗೆ ಹಾಕಿ ಕಾಲು ಸಡಿಲಿಸಿದರು. ಎರಡನೇ ಗೇರಿನಲ್ಲಿ ಇಳಿಯುವ ಕಾರು ಗುರುಗುಟ್ಟುತ್ತ ಹಿಡಿದುಕೊಂಡು ಇಳಿಯಬೇಕು. ಇದು ಹಾಗೆ ಮಾಡಲಿಲ್ಲ. ಎಂಜಿನ್ ಸದ್ದು ಇಳಿದು ಪಿಸುಗುಟ್ಟಿತು, ಕಾರು ಹಗುರವಾಗಿ ಜಾರತೊಡಗಿತು. ನನ್ನ ಪಕ್ಕದಲ್ಲಿದ್ದವರು ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನಿಲ್ಸಿ. ಇದೇ ಆಗಿದ್ದು. ನಿಲ್ಸಿ ಮೊದ್ಲು."

ಎಂಜಿನಿಯರು ಬ್ರೇಕು ಹಾಕಿ ಪಕ್ಕಕ್ಕೆ ನಿಲ್ಲಿಸಿದರು. ಏನು ಆಗಿದ್ದು ಎಂದು ತಿರುಗಿ ಕೇಳಿದರು. ಭಾವಮೈದುನರು ಹಿಡಿದ ಸೀಟು ಬಿಡದೆ ಹೇಳತೊಡಗಿದರು. ಅವರು ಹೇಳಿದ್ದು ನಾನು ಅದುವರೆಗೆ ಎಲ್ಲೂ ಕೇಳಿರದ ಕತೆ.

ಸಾಹೇಬರ ಮದುವೆಯ ಸಮಯ. ಕಾರು ಬೊಂಬಾಯಿಯಿಂದ ಬಂದು ತಿಂಗಳೊಪ್ಪತ್ತು ಆಗಿತ್ತಷ್ಟೆ, ಊರಿನ ಯಾವ ಮೆಕ್ಯಾನಿಕ್ಕಿನ ಕೈಯೂ ಅದಕ್ಕೆ ಸೋಕಿರಲಿಲ್ಲ. ಭಾವಮೈದುನರಿಗೆ ಆಗ ಮೀಸೆ ಚಿಗುರುವ ವಯಸ್ಸು, ಡ್ರೈವರಿಂದ ಕಾರು ಕಲಿಯುತ್ತಿದ್ದರು. ಇದೇ ರಸ್ತೆಯಲ್ಲಿ ನೆಂಟರಿಬ್ಬರನ್ನು ಕೂರಿಸಿಕೊಂಡು ಬರುವಾಗ, ಡ್ರೈವರ್ ಹೇಳಿಕೊಟ್ಟಂತೆ ಇಳಿಜಾರಿಗೆ ಎರಡನೇ ಗೇರು ಹಾಕಿ ಕಾಲು ತೆಗೆದರು. ಕಾರು ಹಿಡಿಯಲೇ ಇಲ್ಲ. ಬ್ರೇಕು ತುಳಿದು ತುಳಿದು ಅದೂ ಸೋತಿತು. ರಸ್ತೆ ಬಿಟ್ಟು ಒಬ್ಬರ ಹಿಪ್ಪುನೇರಳೆ ತೋಟಕ್ಕೆ ನುಗ್ಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ, ದೀಪ ಒಡೆಯಿತು. ಮದುವೆಮನೆಯಲ್ಲಿ ಎಲ್ಲರ ಎದುರು ಸಾಹೇಬರ ತಂದೆ, ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಿಸೋಕೆ ಹೋಗಿ ಸಾಯಿಸ್ತಿದ್ದೆ, ಎತ್ತಿನ ಗಾಡಿಗೂ ಲಾಯಕ್ಕಿಲ್ಲ ಎಂದರಂತೆ. ಇಳಿಜಾರು ಸಿಕ್ಕರೆ ನ್ಯೂಟ್ರಲ್ ಹಾಕಿ ಕಾರು ಬಿಡುವುದು ನಮ್ಮ ಕಡೆ ಇವತ್ತಿಗೂ ಎಲ್ಲರ ಅಭ್ಯಾಸ. ಆದ್ದರಿಂದ ಬೇರೆ ಏನಾದರೂ ಆಗಿರಬಹುದು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಗೇರಲ್ಲೇ ಇತ್ತು ಎಂದು ಇವರು ಆಣೆ ಇಟ್ಟರು. ನಂಬಿದವರಿಲ್ಲ. ಗೇರಿನಲ್ಲಿದ್ದರೂ ಹಿಡಿಯದ ಗೇರು ಕಂಪನಿಯದ್ದಾಗಿರಲು ಸಾಧ್ಯವೇ ಇಲ್ಲ, ಬೊಂಬಾಯಿಯವನು ಜೋಡಿಸಿದ ಹಾಳು ಸಾಮಾನು ಎಂದು ಇವರು ಅವತ್ತು ಹಿಡಿದ ಮಾತನ್ನು ಆಮೇಲೆ ಬಿಡಲಿಲ್ಲ.

ಎಂಜಿನಿಯರು ಒಂದೊಂದೇ ಪ್ರಶ್ನೆ ಕೇಳಿದರು. ಡ್ಯಾಶ್‌ಬೋರ್ಡಿನ ಕೆಳಗಿನ ಹಿಡಿ ಒಳಗಿತ್ತೋ ಹೊರಗಿತ್ತೋ? ಒಳಗೇ ಇತ್ತು, ಅದು ಏನೆಂದೇ ಗೊತ್ತಿರಲಿಲ್ಲ. ಜೋರಾಗಿ ಇಳಿಯುತ್ತಿದ್ದಿರೋ ನಿಧಾನವೋ? ನಿಧಾನ. ಕಾಲು ಮತ್ತೆ ಒತ್ತಿದಾಗ ಎಂಜಿನ್ ಹಿಡಿಯುತ್ತಿತ್ತೇ? ಹಿಡಿಯುತ್ತಿತ್ತು, ಬಿಟ್ಟರೆ ಮತ್ತೆ ಜಾರುತ್ತಿತ್ತು. ನ್ಯೂಟ್ರಲ್ಲಿನಲ್ಲಿದ್ದರೆ ಒತ್ತಿದರೂ ಹಿಡಿಯುವುದಿಲ್ಲವಲ್ಲ, ನಾನೂ ಅದನ್ನೇ ಬಾಯಿ ಬಡಿದುಕೊಂಡೆ ಎಂದರು.

ಎಂಜಿನಿಯರು ಎಂಜಿನ್ ಆರಿಸಿ ವಿವರಿಸಿದರು. ಸೈಕಲ್ಲು ಇಳಿಜಾರಿನಲ್ಲಿ ಪೆಡಲು ತುಳಿಯದಿದ್ದರೂ ಓಡುತ್ತದೆ, ತುಳಿದರೆ ಹಿಡಿಯುತ್ತದೆ. ಕಂಪನಿಯ ಓವರ್‌ಡ್ರೈವ್ ಹಿಡಿ ಒಳಗಿದ್ದಾಗ, ನಿಧಾನದ ಓಟದಲ್ಲಿ, ಹಾಗೇ ಇರುತ್ತದೆ. ಅದು ಅದರ ಗುಣ, ದೋಷವಲ್ಲ. ಇಳಿಜಾರಿನಲ್ಲಿ ಹಿಡಿಯನ್ನು ಹೊರಗೆ ಎಳೆದುಕೊಳ್ಳಬೇಕು. ಇದು ಗೊತ್ತಿಲ್ಲದವರು ಇಂಥ ಅನುಭವವನ್ನು ಕಟ್ಟಿ ಹೇಳಲು ಬರುವುದಿಲ್ಲ. ಅಂದರೆ ಕಾರು ಇಲ್ಲಿಗೆ ಬಂದಾಗಲೇ ಅದರಲ್ಲಿ ಓವರ್‌ಡ್ರೈವ್ ಇತ್ತು. ಬೊಂಬಾಯಿಯವನು ಜೋಡಿಸಿದ್ದರೆ ಎಂದು ನಾನು ಕೇಳಿದೆ.

"ಮೋಸ ಮಾಡೋನು ಕಣ್ಣಿಗೆ ಕಾಣೋದನ್ನ ಮಾಡ್ತಾನೆ," ಎಂದರು ಎಂಜಿನಿಯರು. "ಹಿಂದಿನ ಆಕ್ಸಲಿಗೆ ಯಾಕೆ ಕೈ ಹಾಕ್ತಾನೆ? ಬಾಕ್ಸೂ ಆಕ್ಸಲೂ ಒಂದಕ್ಕೊಂದು ಹೊಂದಿವೆ. ಇದು ಕಂಪನಿಯಿಂದಲೇ ಹೀಗೆ ಬಂದ ಕಾರು."

ಎರಡು ಸಾಕ್ಷಿ, ಒಂದಕ್ಕೊಂದು ಸಂಬಂಧವಿಲ್ಲದ್ದು, ಅದರಲ್ಲೊಂದು ವಿರೋಧ ಪಕ್ಷದ್ದು. ಕಲ್ಯದ ಮುದುಕರು, ಸೈಕಲ್ಲಿನ ಮೇಷ್ಟ್ರು, ಇತ್ತು ಇತ್ತು ಎಂದವರೆಲ್ಲ ಸೇರಿ ಕೊಡಲಾಗದ್ದನ್ನು ಇಲ್ಲ ಎನ್ನುತ್ತಿದ್ದ ಒಬ್ಬರು ಕೊಟ್ಟಿದ್ದರು. ಚನ್ನಪಟ್ಟಣಕ್ಕೆ ಒಂದು ಸಲ ಹೋಗಿ ಅವರನ್ನೇ ಮೊದಲು ಕೇಳಬಹುದಿತ್ತು. ಜಗಳಗಂಟ ಎಂದು ಎಲ್ಲರೂ ಹೇಳಿದ್ದನ್ನು ಕೇಳಿ, ನಾನು ಅವರನ್ನು ಪಟ್ಟಿಗೇ ಸೇರಿಸಿರಲಿಲ್ಲ.

ಈಗ ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಾರೆಂದು ಕಾದೆ. ಸಾಹೇಬರು ಕಿಟಕಿಯ ಆಚೆ ಬಂಡೆ ನೋಡುತ್ತ, ಕಂಪನೀದೇ ಅಂತ ನಮ್ಮ ಅಬ್ಬಾ ಹೇಳಿರಲಿಲ್ವಾ ಎಂದರು. ಹಿಂದಿನಿಂದ ಭಾವಮೈದುನರು, ಗೇರಲ್ಲೇ ಇತ್ತು ಅಂತ ನಾನು ಹೇಳಿರಲಿಲ್ವಾ ಎಂದರು. ಇವರು ಹೇಳಿದ್ದು ಅವರಿಗೆ ಕೇಳಿಸಲಿಲ್ಲ, ಅವರು ಹೇಳಿದ್ದು ಇವರಿಗೆ ಕೇಳಿಸಲಿಲ್ಲ. ಊರು ಮುಟ್ಟುವ ಹೊತ್ತಿಗೆ ಹೊಸ ಜಗಳ ಶುರುವಾಗಿತ್ತು. ಕಂಪನಿಯವರೇ ಇಂಥ ಅಪಾಯದ ಸಾಮಾನು ಮಾಡಿದ್ದರೆ ತಪ್ಪು ಕಂಪನಿಯದು, ಅದನ್ನು ಹುಡುಕಿ ಕೊಂಡವರದ್ದು ಎಂದು ಒಬ್ಬರು. ಹಿಡಿ ಎಳೆಯಬೇಕೆಂದು ತಿಳಿದುಕೊಳ್ಳದೆ ಓಡಿಸಿದವನದ್ದು ಎಂದು ಇನ್ನೊಬ್ಬರು. ಹಾಗಾದರೆ ನಿಮ್ಮ ಅಬ್ಬಾ ಹಿಡಿಗೆ ತಂತಿ ಬಿಗಿದದ್ದು ಯಾಕೆ, ಅವರಿಗೆ ವಿಷಯ ಗೊತ್ತಾಗಿತ್ತು, ಆದರೂ ನನ್ನ ಮೇಲಿನ ಮಾತು ವಾಪಸ್ಸು ತಗೊಳ್ಳಲಿಲ್ಲ ಎಂದು ಭಾವಮೈದುನರು ಕೇಳಿದಾಗ ಮಾತ್ರ ಸಾಹೇಬರ ಕಣ್ಣು ಬಿಚ್ಚಿ ಬಿದ್ದಿದ್ದ ಆ ತಂತಿಯ ಕಡೆ ಹೋಯಿತು. ಎಂಜಿನಿಯರು ನನ್ನನ್ನು ಕನ್ನಡಿಯಲ್ಲಿ ನೋಡಿದರು. ನಾನು ನೋಡದವನಂತೆ ಕೂತೆ.

ಮನೆ ಮುಂದೆ ಇಳಿದರೂ ಜಗಳ ನಿಂತಿರಲಿಲ್ಲ. ಸಾಹೇಬರ ಹೆಂಡತಿ ಬಾಗಿಲಿಗೆ ಬಂದರು. ನಾನು ಆ ಮನೆಗೆ ಹೋಗಿ ಬಂದ ಇಷ್ಟು ವರ್ಷಗಳಲ್ಲಿ ಅವರು ನನ್ನೆದುರು ಜಾಸ್ತಿ ಮಾತಾಡಿದವರಲ್ಲ. ಇಬ್ಬರೂ ಅವರಿಗೆ ಏಕಕಾಲಕ್ಕೆ ವಿಷಯ ಹೇಳತೊಡಗಿದರು. ಅವರು ಪೂರ್ತಿ ಕೇಳಿಸಿಕೊಂಡರು. ಅಂದರೆ ಇವರು ಹೇಳಿದ್ದೂ ನಿಜ, ಅವನು ಹೇಳಿದ್ದೂ ನಿಜವಾ ಎಂದು ಎಂಜಿನಿಯರನ್ನೇ ಕೇಳಿದರು. ಎಂಜಿನಿಯರು ಹೌದಮ್ಮ ಎಂದರು.

"ಹಂಗಾದ್ರೆ ಇಷ್ಟು ವರ್ಷ ಹಬ್ಬದ ದಿನ ನಾನು ಎರಡು ಸಲ ಅಡುಗೆ ಬಡಿಸಿದ್ದು ಯಾಕೆ? ಇವರು ಎದ್ದ ಮೇಲೆ ಅವನು, ಅವನು ಹೋದ ಮೇಲೆ ಇವರು."

ಉತ್ತರಕ್ಕೆ ಕಾಯದೆ ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮಧ್ಯಾಹ್ನಕ್ಕೆ ಬಿರಿಯಾನಿ ಆಗುತ್ತಿರುವ ವಾಸನೆ ಬೀದಿಗೆಲ್ಲ ಬರುತ್ತಿತ್ತು. ಬಾಗಿಲು ಮಾತ್ರ ತೆರೆಯಲಿಲ್ಲ. ಸ್ವಲ್ಪ ಹೊತ್ತು ಕಾದು ನಾನು ಎಂಜಿನಿಯರನ್ನು ಸ್ಟೇಷನ್ನಿನ ಎದುರಿನ ಹೋಟೆಲಿಗೆ ಕರೆದುಕೊಂಡು ಹೋದೆ. ಈಗಿರುವ ಬಾಕ್ಸು ಬೇರೆಯದಾದ್ದರಿಂದ ಸಂಘ ಕಾರನ್ನು ಮಾನ್ಯ ಮಾಡಲಾಗದು ಎಂದು ಅವರು ಇಡ್ಲಿ ತಿನ್ನುತ್ತ ಹೇಳಿದರು. ಬಂದದ್ದು ಹೇಗೆ ಬಂತು ಎಂಬುದನ್ನು ಬೇಕಾದರೆ ಎಲ್ಲಿ ಬೇಕಾದರೂ ಹೇಳುತ್ತೇನೆ ಎಂದರು.

ಅವರನ್ನು ರೈಲು ಹತ್ತಿಸಿ ವಾಪಸ್ಸು ಬರುವಾಗ ಸಾಹೇಬರ ಮನೆಯ ಬಾಗಿಲು ಇನ್ನೂ ಮುಚ್ಚಿತ್ತು. ಶೆಡ್ಡಿನ ಮುಂದೆ ಕಾರಿನ ಎರಡು ಬಾಗಿಲು ತೆರೆದುಕೊಂಡು, ಮುಂದಿನ ಸೀಟಿನಲ್ಲಿ ಸಾಹೇಬರು, ಹಿಂದಿನ ಸೀಟಿನಲ್ಲಿ ಭಾವಮೈದುನರು ಹಸಿದುಕೊಂಡು ಕೂತಿದ್ದರು. ನನ್ನನ್ನು ನೋಡಿ ಸಾಹೇಬರು ಕೈಸನ್ನೆ ಮಾಡಿ ಕರೆದರು. ಒಳಗೆ ಹೋಗಿ ಅವಳಿಗೆ ಒಂದು ಮಾತು ಹೇಳಿ ಪೇಪರ್ ಸಾರ್, ಈಗ ಒಂದೇ ಸಲ ಬಡಿಸಿದ್ರೆ ಸಾಕು ಅಂತ ಎಂದರು. ಹಿಂದಿನ ಸೀಟಿನಿಂದ ಯಾರೂ ಅದನ್ನು ಅಲ್ಲಗಳೆಯಲಿಲ್ಲ.